ಒಣ ಚರ್ಮ: ಅಲಕ್ಷ್ಯಕ್ಕೆ ತೆರುವ ಬೆಲೆ

ನಿವೃತ್ತಿಯ ನಂತರ ಮನುಷ್ಯನಿಗೆ ತನ್ನ ದೇಹದ ಪರಿಚಯ ಹೊಸದಾಗಿ ಆಗುತ್ತದೆ. ಮೂರು ದಶಕಗಳ ಸೇವೆಯಲ್ಲಿ ಕಡತಗಳನ್ನು ನೋಡಿದಷ್ಟು ಗಮನದಿಂದ ನಾನು ನನ್ನ ಕಾಲುಗಳನ್ನು ನೋಡಿಕೊಂಡವನಲ್ಲ. 2022ರ ಡಿಸೆಂಬರ್‌ನ ಒಂದು ರಾತ್ರಿ ತಡೆಯಲಾಗದ ನವೆಯಿಂದ ಎಚ್ಚರವಾಗಿ ದೀಪ ಹಾಕಿ ನೋಡಿದಾಗ, ಮೊಣಕಾಲಿನ ಕೆಳಗಿನ ಚರ್ಮವೆಲ್ಲ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು. ಬಿರುಕುಗಳ ಅಂಚು ಕೆಂಪಾಗಿ, ಉಗುರು ತಾಗಿದ ಕಡೆ ರಕ್ತ ಜಿನುಗುತ್ತಿತ್ತು. ಕಂದಾಯ ಇಲಾಖೆಯಲ್ಲಿ ದುಡಿದವನಿಗೆ ಕೆರೆಯಂಗಳದ ಹೋಲಿಕೆ ಹೊಳೆಯುವುದು ಸಹಜ. ವೈದ್ಯಶಾಸ್ತ್ರವೂ ಹೆಚ್ಚುಕಡಿಮೆ ಇದೇ ದೃಷ್ಟಿಯಿಂದ ಈ ಸ್ಥಿತಿಗೆ ಹೆಸರಿಟ್ಟಿದೆ ಎಂಬುದು ಆಮೇಲೆ ತಿಳಿಯಿತು. 'ಎಕ್ಸಿಮಾ ಕ್ರ್ಯಾಕೆಲೆ' ಎಂಬ ಆ ಫ್ರೆಂಚ್ ಹೆಸರು ಹಳೆಯ ಪಿಂಗಾಣಿಯ ಮೇಲೆ ಕಾಣುವ ಸೀಳುಗೆರೆಗಳಿಂದ ಬಂದದ್ದು.

ಅದಕ್ಕೂ ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಬಿರುಕುಗಳನ್ನು ಇನ್ನೊಬ್ಬರ ಕಾಲಿನಲ್ಲಿ ನೋಡಿ ನಾನು ನಕ್ಕಿದ್ದೆ. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನನ್ನದೇ ಮೂರ್ಖತನದ ವಿವರ.

ಮರುದಿನ ಬೆಳಿಗ್ಗೆ ನಾನು ವೈದ್ಯರ ಬಳಿಗೆ ಹೋಗಲಿಲ್ಲ. ಒಣ ಚರ್ಮಕ್ಕೆಂದು ವೈದ್ಯರಲ್ಲಿಗೆ ಹೋಗುವುದು ಅತಿಯಾಯಿತು ಎಂಬುದು ನಮ್ಮಲ್ಲಿ ಅನೇಕರ ಭಾವನೆ. ಬಡಾವಣೆಯ ಔಷಧಿ ಅಂಗಡಿಗೆ ಹೋಗಿ ಕಾಲು ತೋರಿಸಿದೆ. ಅಂಗಡಿಯ ಹುಡುಗ ಒಂದು ಸಣ್ಣ ಟ್ಯೂಬು ಕೊಟ್ಟ. ಎರಡು ರಾತ್ರಿಗಳಲ್ಲಿ ನವೆ ಮಾಯವಾಯಿತು. ಇಷ್ಟು ಅಗ್ಗದಲ್ಲಿ ಇಷ್ಟು ಬೇಗ ಗುಣವಾಯಿತಲ್ಲ ಎಂದು ಬೀಗಿದೆ. ಹಚ್ಚುವುದು ನಿಲ್ಲಿಸಿದ ವಾರದೊಳಗೆ ನವೆ ಮರಳಿತು, ಮತ್ತೆ ಹಚ್ಚಿದೆ. ಹೀಗೆಯೇ ಎಂಟು ತಿಂಗಳು ಕಳೆದವು. ಆ ವೇಳೆಗೆ ಕಾಲಿನ ಚರ್ಮ ಬೀಡಿ ಕಟ್ಟುವ ತೆಳು ಎಲೆಯಂತಾಗಿತ್ತು. ಕುರ್ಚಿಯ ಅಂಚು ತಾಗಿದರೆ ನೇರಳೆ ಬಣ್ಣದ ಕಲೆ ಏಳುತ್ತಿತ್ತು. ಕೊನೆಗೆ ನನ್ನ ಮಗಳು ಒತ್ತಾಯದಿಂದ ಚರ್ಮರೋಗ ತಜ್ಞೆಯೊಬ್ಬರ ಬಳಿ ಕರೆದೊಯ್ದಳು. ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಅವರು ನನ್ನಿಂದಲೇ ಓದಿಸಿದರು. ಪ್ರಬಲವಾದ ಸ್ಟಿರಾಯ್ಡ್, ಜತೆಗೊಂದು ಆ್ಯಂಟಿಬಯೋಟಿಕ್, ಅದರ ಜತೆಗೆ ಶಿಲೀಂಧ್ರನಾಶಕ. ಈ ಮೂರರಲ್ಲಿ ಎರಡು ನನಗೆ ಬೇಕೇ ಇರಲಿಲ್ಲ. ಮೂರನೆಯದಾದ ಸ್ಟಿರಾಯ್ಡ್, ಕೆಲವು ದಿನಗಳ ಮಟ್ಟಿಗೆ ವೈದ್ಯರ ನಿಗಾದಲ್ಲಿ ಬೇಕಾಗಿದ್ದಿರಬಹುದು. ಎಂಟು ತಿಂಗಳು ಖಂಡಿತ ಅಲ್ಲ.

ಇಂಥ ಮುಲಾಮುಗಳ ದುರ್ಬಳಕೆ ಎಷ್ಟು ಹಬ್ಬಿತ್ತೆಂದರೆ ಚರ್ಮವೈದ್ಯರ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಲೇಪನಗಳನ್ನು 'ಶೆಡ್ಯೂಲ್ ಎಚ್' ವ್ಯಾಪ್ತಿಗೆ ತಂದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಅಧಿಸೂಚನೆ ಹೊರಡಿಸಿತು. ಅಧಿಸೂಚನೆಗಳ ನಡುವೆಯೇ ಬದುಕು ಸವೆಸಿದ ನನಗೆ ಇಂಥದೊಂದು ಇದೆಯೆಂಬುದೇ ತಿಳಿದಿರಲಿಲ್ಲ. ರಾಜಪತ್ರದಿಂದ ಅಂಗಡಿಯ ಗಲ್ಲೆಯವರೆಗಿನ ದಾರಿ ಎಷ್ಟು ಉದ್ದದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಓದಿದ್ದ ಕೆನೆತ್ ಆ್ಯರೋ ಅವರ 1963ರ ಪ್ರಬಂಧ ಆಗ ನೆನಪಾಯಿತು. ವೈದ್ಯಕೀಯ ಸೇವೆಯ ಮಾರುಕಟ್ಟೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ತಿಳಿವಳಿಕೆಯ ಅಂತರ ಬಹಳ. ಆದ್ದರಿಂದ ತರಕಾರಿ ಸಂತೆಯ ನಿಯಮ ಅಲ್ಲಿ ನಡೆಯದು ಎಂಬುದು ಅದರ ತಿರುಳು. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ಪಡೆದವನೇ ಅಂಗಡಿಯ ಹುಡುಗನಿಗೆ ಕಾಲು ಚಾಚಿದ್ದೆ.

ಆ ವೈದ್ಯೆ ನನಗೆ ಹೇಳಿದ ಪಾಠ ಒಂದೇ ವಾಕ್ಯದ್ದು: ನಿಮ್ಮ ಚರ್ಮಕ್ಕೆ ಬೇಕಾದದ್ದು ಎಣ್ಣೆಯಲ್ಲ, ನೀರು, ಆದರೆ ಆ ನೀರನ್ನು ಹಿಡಿದಿಡುವುದು ಎಣ್ಣೆ. ಒಗಟಿನಂತೆ ಕೇಳುವ ಈ ಮಾತಿನ ಹಿಂದೆ ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲ್ಯಾಂಕ್ 1952ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಒಣಗಿ ಕಟ್ಟಿಗೆಯಂತಾದ ಚರ್ಮದ ತುಣುಕನ್ನು ಎಣ್ಣೆಯಲ್ಲಿ ಎಷ್ಟು ಹೊತ್ತು ಮುಳುಗಿಸಿಟ್ಟರೂ ಅದು ಮೆತ್ತಗಾಗಲಿಲ್ಲ. ನೀರು ತಾಗಿದೊಡನೆ ಬಳುಕತೊಡಗಿತು. ಚರ್ಮದ ಮೃದುತ್ವ ನಿಂತಿರುವುದು ಅದರ ಹೊರಪದರದಲ್ಲಿರುವ ನೀರಿನ ಮೇಲೆ ಎಂಬುದು ಅಂದಿನಿಂದ ಸ್ಥಿರಪಟ್ಟ ತಿಳಿವು.

ಈ ಹೊರಪದರವೋ, ಕಾಗದದ ಹಾಳೆಗಿಂತಲೂ ತೆಳುವಾದದ್ದು. ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಒತ್ತಾಗಿ ಕೂತಿರುತ್ತವೆ. ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ನಡುವಿನ ಗಾರೆ. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಆಗಲೂ ಬೆವರನ್ನು ಬಿಟ್ಟು, ನಮಗೆ ಅರಿವಾಗದಂತೆಯೇ ದಿನಕ್ಕೆ 300-400 ಮಿಲಿಲೀಟರಿನಷ್ಟು ನೀರು ಚರ್ಮದ ಮೂಲಕ ಆವಿಯಾಗುತ್ತಿರುತ್ತದೆ. ವಯಸ್ಸಾದಂತೆ ಈ ಗಾರೆಯ ಉತ್ಪಾದನೆ ತಗ್ಗುತ್ತದೆ, ಜಿಡ್ಡಿನ ಗ್ರಂಥಿಗಳು ಸೊರಗುತ್ತವೆ. ಕೆಲವರಿಗೆ ಈ ಕೊರತೆ ಹುಟ್ಟಿನಿಂದಲೇ ಬರುತ್ತದೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಮೀನಿನ ಹುರುಪೆಯಂತಹ ಒಣ ಚರ್ಮವೂ, ಬಾಲ್ಯದ ಎಕ್ಸಿಮಾದ ಒಲವೂ ಉಂಟಾಗುತ್ತವೆ ಎಂಬುದನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್‌ಲೀನ್ ತಂಡ ತೋರಿಸಿಕೊಟ್ಟಿತು. ಅಪ್ಪನ ಕಾಲು ಒಡೆಯುತ್ತಿತ್ತು, ಮಗನದೂ ಒಡೆಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದ್ದಿತು.

ಹೀಗಿರುವಾಗ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಚರ್ಮ ಹೊಳೆಯುತ್ತದೆಂಬ ಉಪದೇಶ, ತೂಬು ಮುರಿದ ಕೆರೆಗೆ ಮೇಲಿನಿಂದ ನೀರು ಬಿಟ್ಟಂತೆ. ಬಾಯಾರಿಕೆ ತಣಿಯುವಷ್ಟು ಕುಡಿಯಬೇಕು, ಸರಿ. ಸೋರಿಕೆಗೆ ಮದ್ದು ಮಾಡದೆ ಒಳಹರಿವು ಹೆಚ್ಚಿಸುವ ಯೋಜನೆಗಳ ಗತಿಯನ್ನು ನಾನು ಸೇವಾವಧಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ಸೋರಿಕೆಯನ್ನು ಹೆಚ್ಚಿಸುವವರು ನಾವೇ. ಹೆಚ್ಚಿಸುವ ಸಾಧನ ಸ್ನಾನ. ಹಂಡೆಯ ಕುದಿನೀರು ಹೊಯ್ದುಕೊಂಡು, ಮೈ ಕೆಂಪಾಗುವಂತೆ ಉಜ್ಜಿ, ಸಾಬೂನನ್ನು ಎರಡೆರಡು ಬಾರಿ ಹಚ್ಚಿದರೇ ಸ್ನಾನ ಎಂದು ನಂಬಿದ ತಲೆಮಾರು ನಮ್ಮದು. ನಾನು ಹಳೇ ಮೈಸೂರಿನವನು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಆರಂಭವಾದ ನಮ್ಮ ಸಾಬೂನು ಕಾರ್ಖಾನೆಯ ಬಗ್ಗೆ ಅಭಿಮಾನವುಳ್ಳವನು. ಆ ಶ್ರೀಗಂಧದ ಪರಿಮಳವಿಲ್ಲದ ಬಚ್ಚಲು ನನಗೆ ಬಚ್ಚಲೇ ಅಲ್ಲ. ಆದರೆ ಯಾವ ಕಾರ್ಖಾನೆಯದಾದರೂ ಸಾಬೂನು ಸಾಬೂನೇ. ಚರ್ಮದ ಮೇಲ್ಮೈ ಸೌಮ್ಯವಾಗಿ ಆಮ್ಲೀಯ, ಅದರ ಪಿಎಚ್ ಮೌಲ್ಯ 5ರ ಆಸುಪಾಸು. ಸಾಬೂನಿನದು 9ರಿಂದ 10. ಕೊಳೆಯ ಜಿಡ್ಡನ್ನು ತೆಗೆಯುವ ಅದೇ ಗುಣ ಇಟ್ಟಿಗೆಗಳ ನಡುವಿನ ಗಾರೆಯನ್ನೂ ಕರಗಿಸುತ್ತದೆ. ಪೊಟ್ಟಣದ ಮೇಲೆ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನ ಅಂಶ ಶೇ 76ಕ್ಕಿಂತ ಹೆಚ್ಚಿದ್ದರೆ ಅದು ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸಾಬೂನು. ಆದರೆ ದರ್ಜೆ ಏರಿದೊಡನೆ ಕ್ಷಾರಗುಣ ಇಳಿಯುವುದಿಲ್ಲ. ವೈದ್ಯೆಯ ಸಲಹೆಯಂತೆ ನಾನು ಸಾಬೂನನ್ನು ಕಂಕುಳು, ತೊಡೆಸಂದು ಮತ್ತು ಪಾದಗಳಿಗೆ ಸೀಮಿತಗೊಳಿಸಿದೆ. ಕೈಕಾಲಿಗೆ ಉಗುರುಬೆಚ್ಚಗಿನ ನೀರಷ್ಟೇ. ಮೊದಲ ವಾರ ಸ್ನಾನವೇ ಆಗಲಿಲ್ಲವೆನಿಸಿತು. ಮಡಿವಂತ ಮನಸ್ಸನ್ನು ಒಪ್ಪಿಸುವುದು ಚರ್ಮವನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಇಲ್ಲಿ ನನ್ನ ಶ್ರೀಮತಿಯ ಆಕ್ಷೇಪವನ್ನು ದಾಖಲಿಸಲೇಬೇಕು. "ವಾರಕ್ಕೊಂದು ದಿನ ಎಣ್ಣೆಸ್ನಾನ ಮಾಡಿ ಅಂತ ನಲವತ್ತು ವರ್ಷದಿಂದ ಹೇಳ್ತಿದೀನಿ, ಕೇಳಿದ್ರಾ?" ಎಂಬುದು ಆಕೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಅಭ್ಯಂಜನದ ಕ್ರಮವನ್ನು ಗಮನಿಸಿ. ಮೊದಲು ಮೈತುಂಬ ಹರಳೆಣ್ಣೆ, ಆಮೇಲೆ ಸುಡುನೀರು, ಸೀಗೆಪುಡಿ, ಕಡಲೆಹಿಟ್ಟು ಹಾಕಿ ಹಚ್ಚಿದ ಎಣ್ಣೆಯನ್ನು ತೊಟ್ಟೂ ಬಿಡದಂತೆ ತೆಗೆಯುವುದು. ಠೇವಣಿ ಇಟ್ಟ ದಿನವೇ ಬಡ್ಡಿಸಹಿತ ಹಿಂಪಡೆದಂತೆ. ಒಣ ಚರ್ಮದವರು ಮಾಡಬೇಕಾದದ್ದು ಇದರ ತಿರುಗುಮುರುಗು. ಹತ್ತು ನಿಮಿಷ ಮೀರದ ಸ್ನಾನ. ಟವೆಲಿನಿಂದ ತಿಕ್ಕದೆ ಒತ್ತಿ ನೀರು ತೆಗೆಯುವುದು. ಮೈ ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ, ಜಿಡ್ಡನ್ನು ಸವರುವುದು. ನೀರು ಚರ್ಮದೊಳಗೆ ಇಳಿದಿರುತ್ತದೆ, ಜಿಡ್ಡು ಮೇಲೆ ಕಟ್ಟೆ ಕಟ್ಟುತ್ತದೆ. ಬ್ಲ್ಯಾಂಕ್‌ರ ಪ್ರಯೋಗಕ್ಕೆ ಇದಕ್ಕಿಂತ ಸರಳವಾದ ಅನ್ವಯವಿಲ್ಲ.

ಯಾವ ಜಿಡ್ಡು? ದುಬಾರಿಯಾದದ್ದೇ ಆಗಬೇಕಿಲ್ಲ. ಪೆಟ್ರೋಲಿಯಂ ಜೆಲ್ಲಿಗೆ ರಾಬರ್ಟ್ ಚೆಸ್‌ಬ್ರೋ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1872ರಲ್ಲಿ. ಎಣ್ಣೆಬಾವಿಗಳ ಕೊಳವೆಗೆ ಅಂಟುತ್ತಿದ್ದ ಮೇಣವನ್ನು ಕಾರ್ಮಿಕರು ಗಾಯಗಳಿಗೆ ಹಚ್ಚಿಕೊಳ್ಳುವುದನ್ನು ನೋಡಿ ಆತನಿಗೆ ಹೊಳೆದ ಸರಕು ಅದು. ಒಂದೂವರೆ ಶತಮಾನ ಕಳೆದರೂ ನೀರಾವಿಯನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ ಲೇಪನ ಬಂದಿಲ್ಲ. ಅಂಟುತ್ತದೆಂಬುದೊಂದೇ ದೂರು. ಕೊಬ್ಬರಿ ಎಣ್ಣೆಯ ಮೇಲೂ ಪರೀಕ್ಷೆ ನಡೆದಿದೆ: ಫಿಲಿಪೀನ್ಸ್‌ನಲ್ಲಿ 34 ಮಂದಿ ಒಣ ಚರ್ಮದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಖನಿಜ ತೈಲಕ್ಕೆ ಸರಿಸಮನಾಗಿ ನಿಂತಿತು. ಸಣ್ಣ ಅಧ್ಯಯನ, ನಿಜ. ಆದರೂ ಕರಾವಳಿಯವರು ಮೀಸೆ ತಿರುವಬಹುದು. ಎಲ್ಲ ಎಣ್ಣೆಗಳೂ ಹೀಗಲ್ಲ. ಶ್ರೀಮಂತರ ಅಡುಗೆಮನೆಗೆ ಬಂದಿರುವ ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸುತ್ತದೆಂದು 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಗ್ಲಿಸರಿನ್ ನೀರನ್ನು ಸೆಳೆದಿಡುತ್ತದೆ. ದಪ್ಪಗಟ್ಟಿದ ಹಿಮ್ಮಡಿಗೆ ಯೂರಿಯಾ ಬೆರೆತ ಮುಲಾಮು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ. ವೈದ್ಯೆ 'ಯೂರಿಯಾ' ಎಂದು ಬರೆದಾಗ ನಾನು ಬೆಚ್ಚಿದ್ದುಂಟು. ಮುಂಗಾರಿನ ಹೊತ್ತಿಗೆ ಯೂರಿಯಾ ಚೀಲಕ್ಕಾಗಿ ರೈತರ ಸಾಲು, ನೂಕುನುಗ್ಗಲು, ಮೇಲಧಿಕಾರಿಗಳ ಫೋನು, ಇವೇ ಆ ಶಬ್ದದೊಂದಿಗೆ ನನಗಿದ್ದ ನಂಟು.

ಬಳಸುವವರಿಗೆ ಒಂದು ಎಚ್ಚರಿಕೆ. ಒದ್ದೆ ನೆಲದ ಮೇಲೆ ನಿಂತು ಅಂಗಾಲಿಗೆ ಎಣ್ಣೆ ಹಚ್ಚಿಕೊಂಡು ಜಾರಿದರೆ, ಚರ್ಮ ಉಳಿಸಿಕೊಳ್ಳಲು ಹೋಗಿ ಸೊಂಟ ಮುರಿದುಕೊಂಡಂತಾಗುತ್ತದೆ. ಕುರ್ಚಿಯ ಮೇಲೆ ಕೂತು ಹಚ್ಚಿಕೊಂಡು, ಕಾಲುಚೀಲ ಹಾಕಿಕೊಂಡೇ ಏಳಬೇಕು.

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಒಣ ಚರ್ಮದ ಮಾತು ಬಂದರೆ ಎಲ್ಲರೂ ಬೆರಳು ತೋರುವುದು ಕೊಳವೆಬಾವಿಯ ಗಡಸು ನೀರಿನ ಕಡೆಗೆ. ಗಡಸು ನೀರಿನ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ಕರಗದ ಬಿಳಿ ಕೆನೆಯಾಗಿ ಮೈಗೆ ಅಂಟುತ್ತದೆ, ಇದು ಸತ್ಯ. ಇದನ್ನೇ ಹಿಡಿದು ನೀರು ಮೆದುಗೊಳಿಸುವ ಯಂತ್ರ ಮಾರುವವರು ನಮ್ಮ ಮನೆಗೂ ಬಂದಿದ್ದರು. ಬ್ರಿಟನ್ನಿನಲ್ಲಿ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ಇಂಥ ಯಂತ್ರವನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರದಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಸ್ನಾನದ ನೀರಿಗೆ ಬೆರೆಸುವ ವಿಶೇಷ ತೈಲಗಳ ಕತೆಯೂ ಅಷ್ಟೆ. ಅಲ್ಲಿಯದೇ 2018ರ ಪರೀಕ್ಷೆಯಲ್ಲಿ, 480ಕ್ಕೂ ಹೆಚ್ಚು ಮಕ್ಕಳಲ್ಲಿ, ಅವುಗಳಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಇವೆರಡೂ ಮಕ್ಕಳ ಎಕ್ಸಿಮಾವನ್ನು ಕುರಿತವು, ಮುದುಕರ ಕಾಲನ್ನಲ್ಲ ಎಂಬುದನ್ನು ಮರೆಯಬಾರದು. ಆದರೂ ಸಾವಿರಾರು ರೂಪಾಯಿ ತೆರುವ ಮುನ್ನ ಯೋಚಿಸುವುದಕ್ಕೆ ಇಷ್ಟು ಸಾಕು. ಸಾಬೂನು ಕಡಿಮೆ ಮಾಡಿದರೆ ಬಿಳಿ ಕೆನೆಯೂ ಕಡಿಮೆಯಾಗುತ್ತದೆ, ಅದಕ್ಕೆ ಖರ್ಚೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದ ಮೇಲೆ ನಮ್ಮ ನಲ್ಲಿಗೂ ನದಿಯ ನೀರು ಬಂತು. ನನ್ನ ಕಾಲು ಅದಕ್ಕೂ ಮೊದಲೇ ಸುಧಾರಿಸಿತ್ತು.

ಇಷ್ಟೆಲ್ಲ ಒಣ ಚರ್ಮಕ್ಕಾಗಿಯೇ ಎಂದು ಓದುಗರು ಕೇಳಬಹುದು. ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಸವರಿ ನಡೆಸಿದ ಅಧ್ಯಯನವೊಂದು 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹಚ್ಚಿಸಿಕೊಂಡ ಶಿಶುಗಳಲ್ಲಿ ಆಸ್ಪತ್ರೆಯ ಸೋಂಕಿನ ಸಾಧ್ಯತೆ ಶೇ 41ರಷ್ಟು ಕಡಿಮೆಯಿತ್ತು. ಚರ್ಮವೆಂಬುದು ಅಲಂಕಾರವಲ್ಲ, ಕೋಟೆ. ಅದರಲ್ಲಿ ಬಿರುಕು ಬಿಟ್ಟರೆ ಒಳನುಗ್ಗುವವರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. ಬಿಡದೆ ಕಾಡುವ ಒಣ ಚರ್ಮ ಕೆಲವೊಮ್ಮೆ ಬೇರೆ ರೋಗದ ಮುನ್ಸೂಚನೆ. ಥೈರಾಯ್ಡ್ ಗ್ರಂಥಿ ಮಂದವಾದಾಗ ಚರ್ಮ ಒಣಗುತ್ತದೆ, ಮೂತ್ರಪಿಂಡ ಸೋತಾಗಲೂ ಒಣಗಿ ತುರಿಸುತ್ತದೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳೂ ಕಾರಣವಾಗಬಲ್ಲವು. ಗುಳ್ಳೆ, ದದ್ದು ಏನೂ ಇಲ್ಲದೆ ಮೈಯೆಲ್ಲ ನವೆಯಾಗುವ ಹಿರಿಯರು ರಕ್ತಪರೀಕ್ಷೆ ಮಾಡಿಸಲೇಬೇಕು. ಒಂದೇ ಕಡೆ ಬಿಳಿಚಿಕೊಂಡ, ಬೆವರದ, ಸೂಜಿ ಚುಚ್ಚಿದರೂ ತಿಳಿಯದ ಒಣ ಮಚ್ಚೆಯಿದ್ದರೆ ಅದು ಕುಷ್ಠವಿರಬಹುದು. ದೇಶವು ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿತೆಂದು 2005ರ ಕೊನೆಯಲ್ಲಿ ಘೋಷಿಸಿದ್ದು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂಬ ಅರ್ಥದಲ್ಲೇ ಹೊರತು, ರೋಗ ಇಲ್ಲವೆಂಬ ಅರ್ಥದಲ್ಲಿ ಅಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ, ಬೇಗ ಹೋದರೆ ಪೂರ್ತಿ ಗುಣ.

ಮತ್ತು ಸಕ್ಕರೆ ಕಾಯಿಲೆ. ಅದು ಕಾಲಿನ ನರಗಳನ್ನು ಕೆಡಿಸಿದಾಗ ಎರಡು ಸಂಗತಿಗಳು ಒಟ್ಟಿಗೇ ಘಟಿಸುತ್ತವೆ. ಬೆವರು ನಿಂತು ಪಾದ ಒಣಗಿ ಬಿರಿಯುತ್ತದೆ. ಸ್ಪರ್ಶಜ್ಞಾನ ಹೋಗಿ ಬಿರಿದದ್ದು ನೋಯುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

2003ರಲ್ಲಿ, ಸತತ ಮೂರನೆಯ ಬರಗಾಲದ ವರ್ಷ, ನಾನು ರಾಯಚೂರು ಸೀಮೆಯಲ್ಲಿದ್ದೆ. ನಮ್ಮ ಜೀಪಿನ ಚಾಲಕರು ನನಗಿಂತ ಸ್ವಲ್ಪ ಹಿರಿಯರು. ಗೋಶಾಲೆ, ಕೂಲಿ ಕಾಮಗಾರಿ, ಟ್ಯಾಂಕರಿನ ಮೇಲ್ವಿಚಾರಣೆ ಎಂದು ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸುತ್ತಿದ್ದರು. ಒಂದು ಮಧ್ಯಾಹ್ನ ಬೇವಿನ ಮರದಡಿ ಬುತ್ತಿ ಬಿಚ್ಚಿ ಕೂತಾಗ ಅವರ ಹಿಮ್ಮಡಿ ಕಣ್ಣಿಗೆ ಬಿತ್ತು. ಬೆರಳ ತುದಿ ಹೋಗುವಷ್ಟು ಬಿರುಕುಗಳು. ಅವುಗಳಿಗೆ ಮೇಣದ ಬತ್ತಿ ಕರಗಿಸಿ ತುಂಬಿಕೊಂಡಿದ್ದರು. "ಏನ್ರೀ, ಎರೆಹೊಲ ಇದ್ದ ಹಾಗಿದೆ, ಬಿಳಿಜೋಳ ಬಿತ್ತಬಹುದಲ್ಲ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು, "ನೋವೇನ್ ಇಲ್ಲ ಬಿಡ್ರಿ ಸಾಹೇಬ್ರ" ಎಂದರು. ನೋವಿಲ್ಲವೆಂಬ ಆ ಮಾತೇ ಅಪಾಯದ ಗಂಟೆಯಾಗಿತ್ತು. ಕೇಳಿಸಿಕೊಳ್ಳುವ ವಿದ್ಯೆ ನನ್ನಲ್ಲಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಿರುಕಿನೊಳಗೆ ಸೇರಿದ ಸಣ್ಣ ಕಲ್ಲು ಕೀವಾಯಿತು. ಆಸ್ಪತ್ರೆಗೆ ಸೇರಿಸಿದ ದಿನವೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. 1995ರ ಅಂಗವಿಕಲರ ಕಾಯ್ದೆಯ 47ನೇ ಕಲಮಿನಂತೆ ಅವರನ್ನು ಸೇವೆಯಿಂದ ತೆಗೆಯುವಂತಿಲ್ಲ, ಅದೇ ವೇತನದಲ್ಲಿ ಬೇರೆ ಕೆಲಸ ಕೊಡಬೇಕೆಂದು ಕಡತದಲ್ಲಿ ಎರಡು ಪುಟದ ಟಿಪ್ಪಣಿ ಬರೆದೆ. ಅಚ್ಚುಕಟ್ಟಾದ ಟಿಪ್ಪಣಿ, ಯಾರೂ ತಕರಾರು ಎತ್ತಲಿಲ್ಲ. ಬೇವಿನ ಮರದಡಿ ಆಡಿದ ಮಾತಿಗೆ ಆ ಟಿಪ್ಪಣಿಯಲ್ಲಿ ಜಾಗವಿರಲಿಲ್ಲ.

ಪ್ರತಿ ಯುಗಾದಿಗೆ ಅವರು ತಪ್ಪದೆ ಫೋನು ಮಾಡುತ್ತಾರೆ. ನನ್ನ ಕಾಲಿನ ಕತೆಯಾದ ಮೇಲೆ ಮೊದಲ ಬಾರಿಗೆ ಅವರ ಬಲಗಾಲಿನ ಬಗ್ಗೆ ವಿಚಾರಿಸಿದೆ. "ಚಲೋ ಅದರಿ ಸಾಹೇಬ್ರ. ದಿನಾ ರಾತ್ರಿ ಮಗಳು ಬ್ಯಾಟರಿ ಹಿಡದು ಅಂಗಾಲು ನೋಡ್ತಾಳ, ಆಮ್ಯಾಲ ಎಣ್ಣಿ ಹಚ್ತಾಳ. ಬೆರಳ ಸಂದ್ಯಾಗ ಮಾತ್ರ ಹಚ್ಚಬ್ಯಾಡಂತ ಡಾಕ್ಟ್ರು ಹೇಳ್ಯಾರ, ಅಲ್ಲಿ ಹಸಿ ನಿಂತ್ರ ಕೊಳೀತದಂತ" ಎಂದರು. ನಂತರ ಸ್ವಲ್ಪ ತಡೆದು, ನಿಮಗೂ ವಯಸ್ಸಾಯಿತು, ನಿಮ್ಮ ಹಿಮ್ಮಡಿ ಯಾರು ನೋಡುತ್ತಾರೆ ಎಂದು ಕೇಳಿದರು.